ಸೈಲ್ಯಾಬ್‌ನಿಂದ ಮ್ಯಾಕ್ಸಿಮಾಗೆ: 14 ಮಾತೃಕೆ ಪ್ರಯೋಗಗಳ ದುರಸ್ತಿ ದಾಖಲೆ

ನಮ್ಮ ಪದವಿ ಕಾಲೇಜಿನ ಗಣಿತ ಪ್ರಯೋಗಾಲಯದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳು ಬಳಸುವ ಕೈಪಿಡಿಯಲ್ಲಿ ಮಾತೃಕೆಗಳ (ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ) ಮೇಲೆ 14 ಪ್ರಯೋಗಗಳಿವೆ. ಅವೆಲ್ಲವೂ ಸೈಲ್ಯಾಬ್‌ಗಾಗಿ ಬರೆದವು. ಸೈಲ್ಯಾಬ್ ಸಂಖ್ಯೆಗಳ ಲೆಕ್ಕಕ್ಕೆ ಒಳ್ಳೆಯ ತಂತ್ರಾಂಶವೇ. ಆದರೆ ವಿಲೋಮ ಮಾತೃಕೆಯಲ್ಲಿ 1/3 ಎಂದು ಬರಬೇಕಾದ ಕಡೆ ಅದು 0.3333333 ಎಂದು ತೋರಿಸುತ್ತದೆ, ಮತ್ತು ಬೆಲೆ ಕೊಡದ ಅಕ್ಷರವೊಂದನ್ನು ಮಾತೃಕೆಯ ಒಳಗೆ ಇಟ್ಟರೆ ಆ ಹೆಸರೇ ಗೊತ್ತಿಲ್ಲವೆಂದು ನಿಂತುಬಿಡುತ್ತದೆ. "ಕೆ ಯಾವ ಬೆಲೆಗೆ ಸಮೀಕರಣಗಳಿಗೆ ಪರಿಹಾರವಿಲ್ಲ" ಎಂಬಂಥ ಪ್ರಶ್ನೆಗಳನ್ನು ಈ ಕಾರಣಕ್ಕೆ ಇಷ್ಟು ವರ್ಷ ಕೈಯಲ್ಲೇ ಮಾಡಿಸುತ್ತಿದ್ದೆವು. ಈ ಬಾರಿ ಎಲ್ಲವನ್ನೂ, ಭಿನ್ನರಾಶಿಗಳನ್ನೂ ಅಕ್ಷರಗಳನ್ನೂ ಇದ್ದಂತೆಯೇ ಇಟ್ಟುಕೊಂಡು ಲೆಕ್ಕ ಮಾಡುವ ಮ್ಯಾಕ್ಸಿಮಾ ಎಂಬ ತಂತ್ರಾಂಶಕ್ಕೆ ಸಾಗಿಸೋಣವೆಂದು ನಿಶ್ಚಯಿಸಿದೆ. ಒಂದು ವಾರದ ಕೆಲಸವೆಂದುಕೊಂಡದ್ದು ಐದು ವಾರ ಹಿಡಿಯಿತು. ಎಲ್ಲೆಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಓದುವ ಅನುಕೂಲಕ್ಕಾಗಿ ಆಜ್ಞೆಗಳ ಹೆಸರುಗಳನ್ನೂ ಮಾತೃಕೆಗಳ ಹೆಸರುಗಳನ್ನೂ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಯಂತ್ರಕ್ಕೆ ಊಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಆವರಣ, ಅಲ್ಪವಿರಾಮ, ಚುಕ್ಕಿಗಳು ಮಾತ್ರ ಇಲ್ಲಿ ಹೇಗಿವೆಯೋ ಅಲ್ಲಿಯೂ ಹಾಗೆಯೇ ಇರಬೇಕು. ಈ ದಾಖಲೆಯ ತಿರುಳೂ ಅವೇ.

ಹಂತ 1, ಜೂನ್ 9: ಎಣಿಕೆ

ಕೈಪಿಡಿಯ ಕಡತಗಳನ್ನು ತೆರೆದು ಎಣಿಸಿದಾಗ ಒಟ್ಟು 61 ಮಾತೃಕೆಗಳು ಸಿಕ್ಕವು. ಹೆಚ್ಚಿನವು 3×3, ಕೆಲವು 2×2, ಏಳು ಮಾತ್ರ 3×4 ವಿಸ್ತೃತ ಮಾತೃಕೆಗಳು. ಸೈಲ್ಯಾಬ್‌ನಲ್ಲಿ ಒಂದೇ ಚೌಕಾವರಣದೊಳಗೆ, ಅಂಶಗಳ ನಡುವೆ ಖಾಲಿ ಜಾಗ ಬಿಟ್ಟು, ಅಡ್ಡಸಾಲು ಮುಗಿದಲ್ಲಿ ಅರ್ಧವಿರಾಮ ಹಾಕಿ ಹೀಗೆ ಬರೆಯುತ್ತಾರೆ:

[2 1; 5 3]

ಮ್ಯಾಕ್ಸಿಮಾದಲ್ಲಿ ಅರ್ಧವಿರಾಮವೆಂದರೆ ಆಜ್ಞೆಯೇ ಮುಗಿಯಿತೆಂದು ಅರ್ಥ. ಆದ್ದರಿಂದ ಈ ಸಾಲನ್ನು ಇದ್ದಂತೆಯೇ ಅಂಟಿಸಿದರೆ ದೋಷ ಬರುತ್ತದೆ. ಅಲ್ಲಿ ಪ್ರತಿಯೊಂದು ಅಡ್ಡಸಾಲೂ ತನ್ನದೇ ಚೌಕಾವರಣದಲ್ಲಿರಬೇಕು, ಅಂಶಗಳ ನಡುವೆ ಅಲ್ಪವಿರಾಮ ಬೇಕು, ಮತ್ತು ಎಲ್ಲ ಸಾಲುಗಳನ್ನೂ ಮ್ಯಾಟ್ರಿಕ್ಸ್ ಎಂಬ ಆಜ್ಞೆಯ ದುಂಡಾವರಣದೊಳಗೆ ಇಡಬೇಕು. ಹೆಸರು ಕೊಡಲು ಸಮಚಿಹ್ನೆಯ ಬದಲು ಕೋಲನ್ ಬಳಸಬೇಕು:

ಎ : ಮ್ಯಾಟ್ರಿಕ್ಸ್([2,1],[5,3]);

ಹಂತ 2, ಜೂನ್ 10: ಒಂದು ಆವರಣ ಹೆಚ್ಚಾಯಿತು

ಮೊದಲ ಪ್ರಯೋಗವನ್ನು ಕೈಯಿಂದಲೇ ಬರೆದೆ, ಮೊದಲ ಸಾಲಿನಲ್ಲೇ ತಪ್ಪಿದೆ. ಮನೆಯಲ್ಲಿ ನಾನು ಬಳಸುವುದು ಪೈಥಾನ್ ಭಾಷೆಯಲ್ಲಿ ಇಂಥದೇ ಲೆಕ್ಕ ಮಾಡುವ ಸಿಂಪೈ. ಅಲ್ಲಿ ಮಾತೃಕೆಯನ್ನು ಪಟ್ಟಿಗಳ ಪಟ್ಟಿಯಾಗಿ, ಅಂದರೆ ಹೊರಗೆ ಇನ್ನೊಂದು ಚೌಕಾವರಣ ಹಾಕಿ ಕೊಡಬೇಕು. ಬೆರಳಿಗೆ ಅದೇ ರೂಢಿಯಾಗಿತ್ತು:

ಎ : ಮ್ಯಾಟ್ರಿಕ್ಸ್([[2,1],[5,3]]);

ಮ್ಯಾಕ್ಸಿಮಾ ಇದಕ್ಕೆ ಯಾವ ದೋಷವನ್ನೂ ತೋರಿಸಲಿಲ್ಲ. ಅದು ಇದನ್ನು ಒಂದು ಅಡ್ಡಸಾಲು, ಎರಡು ಕಂಬಸಾಲುಗಳ ಮಾತೃಕೆಯೆಂದು ಓದಿಕೊಂಡಿತು. ಅದರ ಮೊದಲ ಅಂಶ [2,1] ಎಂಬ ಪಟ್ಟಿ, ಎರಡನೆಯದು [5,3] ಎಂಬ ಪಟ್ಟಿ. ಪರದೆಯ ಮೇಲೆ ದೊಡ್ಡ ಆವರಣದೊಳಗೆ ಎರಡು ಸಣ್ಣ ಆವರಣಗಳು ಅಕ್ಕಪಕ್ಕ ಕುಳಿತಿದ್ದವು. ನಾನು ಅದನ್ನು ಸರಿಯಾಗಿ ನೋಡದೆ ಮುಂದಕ್ಕೆ ಹೋದೆ. ನಿರ್ಧಾರಕ ಕೇಳಿದಾಗ, ಮಾತೃಕೆ ಚೌಕವಾಗಿರಬೇಕು, ಇಲ್ಲಿ 1 ಅಡ್ಡಸಾಲು, 2 ಕಂಬಸಾಲುಗಳಿವೆ ಎಂಬ ದೂರು ಬಂದಿತು. ಆಗಷ್ಟೇ ಮೇಲಕ್ಕೆ ಸರಿದು ನೋಡಿ ಹೆಚ್ಚುವರಿ ಆವರಣವನ್ನು ಅಳಿಸಿದೆ. ಹದಿನೈದು ನಿಮಿಷ ಹೋಯಿತು.

ಬೇರೆ ಕಡೆಯಿಂದ ಬಂದ ಪಟ್ಟಿಗಳ ಪಟ್ಟಿಯೇ ಕೈಯಲ್ಲಿದ್ದರೆ ಅದನ್ನು ಬಿಡಿಸಲು ಅಪ್ಲೈ ಎಂಬ ಆಜ್ಞೆಯಿದೆ: ಅಪ್ಲೈ('ಮ್ಯಾಟ್ರಿಕ್ಸ್, ಪಟ್ಟಿ). ಹೆಸರಿನ ಹಿಂದಿನ ಆ ಒಂಟಿ ಉದ್ಧರಣ ಚಿಹ್ನೆ ನೆಟ್ಟಗಿರಬೇಕು. ಪದಸಂಸ್ಕಾರಕದಲ್ಲಿ ಬರೆದು ಅಂಟಿಸಿದರೆ ಅದು ಬಾಗಿದ ಚಿಹ್ನೆಯಾಗಿ ಬರುತ್ತದೆ, ಆಜ್ಞೆ ಕೆಡುತ್ತದೆ. ಅಂದಿನಿಂದ ಕಡತಗಳನ್ನು ಸಾದಾ ಪಠ್ಯ ಸಂಪಾದಕದಲ್ಲಿ ಮಾತ್ರ ತೆರೆಯುತ್ತಿದ್ದೇನೆ.

ಇಲ್ಲೇ ಇನ್ನೊಂದು ಮಾತು. ಸಿಂಪೈನಲ್ಲಿ ಮ್ಯಾಟ್ರಿಕ್ಸ್ ಎಂಬುದರ ಮೊದಲ ಅಕ್ಷರ ದೊಡ್ಡದು, ಮ್ಯಾಕ್ಸಿಮಾದಲ್ಲಿ ಎಲ್ಲವೂ ಸಣ್ಣಕ್ಷರ. ಮ್ಯಾಕ್ಸಿಮಾಗೆ ದೊಡ್ಡಕ್ಷರದಲ್ಲಿ ಕೊಟ್ಟರೆ ಅದು ತನಗೆ ತಿಳಿಯದ ಯಾವುದೋ ಫಲನವೆಂದು ಭಾವಿಸಿ, ಕೊಟ್ಟದ್ದನ್ನೇ ಹಾಗೆಯೇ ಹಿಂದಿರುಗಿಸುತ್ತದೆ. ನೋಡುವವರಿಗೆ ಕೆಲಸ ಆಯಿತೆಂದೇ ತೋರುತ್ತದೆ.

ಹಂತ 3, ಜೂನ್ 11ರಿಂದ 14: ಪರಿವರ್ತಿಸುವ ಕಿರು ಕಾರ್ಯಕ್ರಮ

61 ಮಾತೃಕೆಗಳನ್ನು ಕೈಯಲ್ಲಿ ತಿದ್ದಿದರೆ ಅಂಕಿಗಳು ತಪ್ಪುವುದು ಖಚಿತವೆಂದು ಪೈಥಾನ್‌ನಲ್ಲಿ 37 ಸಾಲಿನ ಕಾರ್ಯಕ್ರಮ ಬರೆದೆ. ಮೊದಲ ಪ್ರಯತ್ನದಲ್ಲಿ ಖಾಲಿ ಜಾಗವನ್ನೆಲ್ಲ ಅಲ್ಪವಿರಾಮವಾಗಿಯೂ, ಅರ್ಧವಿರಾಮವನ್ನು "],[" ಎಂದೂ ಬದಲಿಸುತ್ತಿದ್ದೆ. ಯಾರೋ ಅಂಕಣಗಳು ನೆಟ್ಟಗೆ ಕಾಣಲೆಂದು ಎರಡೆರಡು ಜಾಗ ಬಿಟ್ಟಿದ್ದ ಕಡೆ ಅಲ್ಪವಿರಾಮಗಳು ಜೋಡಿಯಾಗಿ ಬಂದವು. ಕೊನೆಯ ಸಾಲಿನ ನಂತರವೂ ಅರ್ಧವಿರಾಮವಿದ್ದ ಕಡೆ ಖಾಲಿ ಪಟ್ಟಿಯೊಂದು ಹುಟ್ಟಿಕೊಂಡು, ಎಲ್ಲ ಸಾಲುಗಳ ಉದ್ದವೂ ಒಂದೇ ಇರಬೇಕು ಎಂದು ಮ್ಯಾಕ್ಸಿಮಾ ತಕರಾರು ಮಾಡಿತು. ಎರಡನೆಯ ಪ್ರಯತ್ನದಲ್ಲಿ ಮೊದಲು ಅರ್ಧವಿರಾಮದಲ್ಲಿ ಸೀಳಿ, ಖಾಲಿ ತುಂಡುಗಳನ್ನು ಎಸೆದು, ಆಮೇಲೆ ಪ್ರತಿ ತುಂಡನ್ನೂ ಜಾಗಗಳಲ್ಲಿ ಸೀಳಿದೆ. 61ರಲ್ಲಿ 60 ಸರಿಯಾದವು.

ಉಳಿದ ಒಂದು ಆರನೆಯ ಪ್ರಯೋಗದ್ದು. ಹಳೆಯ ಕೈಪಿಡಿಯಲ್ಲಿ ಅದು ಹೀಗಿತ್ತು:

[1 - 2 4; 3 5 - 6]

ಬರೆದವರ ಮನಸ್ಸಿನಲ್ಲಿದ್ದದ್ದು 2×3 ಮಾತೃಕೆ: ಮೊದಲ ಸಾಲಿನಲ್ಲಿ 1, -2, 4; ಎರಡನೆಯದರಲ್ಲಿ 3, 5, -6. ಆದರೆ ಸೈಲ್ಯಾಬ್‌ನಲ್ಲಿ ಕಳೆಯುವ ಚಿಹ್ನೆಯ ಎರಡೂ ಬದಿಗೆ ಜಾಗವಿದ್ದರೆ ಅದು ವ್ಯವಕಲನ. ಎಡಕ್ಕೆ ಮಾತ್ರ ಜಾಗವಿದ್ದು ಬಲಕ್ಕೆ ಅಂಕಿ ಅಂಟಿಕೊಂಡಿದ್ದರೆ ಅದು ಋಣ ಸಂಖ್ಯೆ. ಆದ್ದರಿಂದ ಸೈಲ್ಯಾಬ್ ಅದನ್ನು -1, 4 ಮತ್ತು 3, -1 ಎಂಬ 2×2 ಮಾತೃಕೆಯಾಗಿ ಓದುತ್ತಿತ್ತು. ಎರಡು ಸಾಲಿನಲ್ಲಿಯೂ ಒಂದೊಂದೇ ಅಂಶ ಕಡಿಮೆಯಾದ್ದರಿಂದ ಸಾಲುಗಳ ಉದ್ದ ಹೊಂದಿಕೊಂಡು ಯಾವ ದೋಷವೂ ಬರುತ್ತಿರಲಿಲ್ಲ. ಪ್ರಶ್ನೆ ಕೇಳಿದ್ದು ಮಾತೃಕೆಯ ದರ್ಜೆಯನ್ನು, ಅಂದರೆ ಪರಸ್ಪರ ಸ್ವತಂತ್ರವಾದ ಅಡ್ಡಸಾಲುಗಳ ಸಂಖ್ಯೆಯನ್ನು. ಉದ್ದೇಶಿಸಿದ ಮಾತೃಕೆಯ ದರ್ಜೆ 2, ತಪ್ಪಾಗಿ ಓದಿದ್ದರ ದರ್ಜೆಯೂ 2! ವರ್ಷವರ್ಷವೂ ಬೇರೆಯದೇ ಮಾತೃಕೆಯ ಮೇಲೆ ಸರಿಯುತ್ತರ ಬರೆಸಿ ಪೂರ್ಣ ಅಂಕ ಕೊಟ್ಟಿದ್ದೇವೆ. ಕೊಟ್ಟವರಲ್ಲಿ ನಾನೂ ಒಬ್ಬ.

ಇದು ಬೆಳಕಿಗೆ ಬಂದದ್ದೂ ನನ್ನ ಜಾಣತನದಿಂದಲ್ಲ. ನನ್ನ ಕಾರ್ಯಕ್ರಮವು ಕಳೆಯುವ ಚಿಹ್ನೆಯನ್ನೇ ಒಂದು ಅಂಶವೆಂದು ಎಣಿಸಿ [1,-,2,4] ಎಂದು ಬರೆದುಕೊಟ್ಟಿತು, ಮ್ಯಾಕ್ಸಿಮಾ ಅದನ್ನು ತಿರಸ್ಕರಿಸಿತು. ಆ ಸಾಲನ್ನು ಕೈಯಲ್ಲಿ ತಿದ್ದಿ, ಒಂಟಿ ಕಳೆಯುವ ಚಿಹ್ನೆ ಕಂಡರೆ ನಿಂತು ಸಾಲಿನ ಸಂಖ್ಯೆ ಹೇಳುವಂತೆ ಕಾರ್ಯಕ್ರಮಕ್ಕೆ ಇನ್ನೆರಡು ಸಾಲು ಸೇರಿಸಿದೆ.

ಹಂತ 4, ಜೂನ್ 23: ಅಚ್ಚು, ಹಂಚಿಕೆ, ಮುಖಭಂಗ

ನಿರ್ಧಾರಕ, ದರ್ಜೆ, ವಿಲೋಮಗಳ ಉತ್ತರಗಳನ್ನು ಸಿಂಪೈನಲ್ಲಿ ತಾಳೆ ನೋಡಿ, ಉಳಿದ ಪ್ರಯೋಗಗಳು ದೋಷವಿಲ್ಲದೆ ಓಡಿದವೆಂಬ ನೆಮ್ಮದಿಯಲ್ಲಿ ಉತ್ತರಗಳ ಸಮೇತ ಅಚ್ಚು ಹಾಕಿಸಿದೆ. 42 ವಿದ್ಯಾರ್ಥಿಗಳಿಗೆ ತಲಾ 11 ಹಾಳೆ, ಒಟ್ಟು 462 ಹಾಳೆ; ಹಾಳೆಗೆ ಒಂದು ರೂಪಾಯಿಯಂತೆ ಜೆರಾಕ್ಸ್ ಅಂಗಡಿಗೆ ₹462 ಕೊಟ್ಟೆ.

ಮೊದಲ ತರಗತಿಯ ಇಪ್ಪತ್ತನೆಯ ನಿಮಿಷಕ್ಕೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಕೈಯಲ್ಲಿ ಮಾಡಿದ್ರೆ ಮೊದಲನೇದು 4 ಬರ್ತದೆ. ಹಾಳೇಲಿ 2 ಅಂತಿದೆ."

ಪ್ರಶ್ನೆ ಇದ್ದದ್ದು ಎರಡು ಮಾತೃಕೆಗಳ ಗುಣಲಬ್ಧ:

ಎ : ಮ್ಯಾಟ್ರಿಕ್ಸ್([2,1],[5,3]);
ಬಿ : ಮ್ಯಾಟ್ರಿಕ್ಸ್([1,4],[2,3]);
ಎ * ಬಿ;

ಹಾಳೆಯಲ್ಲಿದ್ದ ಉತ್ತರ [2,4],[10,9]. ಸಾಲಿನಿಂದ ಕಂಬಕ್ಕೆ ಗುಣಿಸಿದರೆ ಬರಬೇಕಾದದ್ದು [4,11],[11,29]. ಸೈಲ್ಯಾಬ್‌ನಲ್ಲಿ ನಕ್ಷತ್ರ ಚಿಹ್ನೆಯೆಂದರೆ ಮಾತೃಕೆಗಳ ಗುಣಾಕಾರ. ಅಂಶಕ್ಕೆ ಅಂಶ ಗುಣಿಸಬೇಕಾದರೆ ನಕ್ಷತ್ರದ ಹಿಂದೆ ಚುಕ್ಕಿ ಇಡಬೇಕು. ಮ್ಯಾಕ್ಸಿಮಾದಲ್ಲಿ ಇದು ತಿರುವುಮುರುವು: ಬರಿಯ ನಕ್ಷತ್ರ ಅಂಶಕ್ಕೆ ಅಂಶ ಗುಣಿಸುತ್ತದೆ, ಮಾತೃಕೆಗಳ ಗುಣಾಕಾರಕ್ಕೆ ಬರಿಯ ಚುಕ್ಕಿ ಸಾಕು. ನನ್ನ ಕಾರ್ಯಕ್ರಮ ಚೌಕಾವರಣದ ಒಳಗಿನದನ್ನು ಮಾತ್ರ ಬದಲಿಸುತ್ತಿತ್ತು, ಹೊರಗಿನ ಚಿಹ್ನೆಗಳ ಕಡೆ ತಿರುಗಿಯೂ ನೋಡಿರಲಿಲ್ಲ.

ಒಂದು ಮಾತೃಕೆ 2×3, ಇನ್ನೊಂದು 3×2 ಇದ್ದ ಪ್ರಯೋಗದಲ್ಲಿ ಮಾತ್ರ, ಎರಡರ ರಚನೆಯೂ ಒಂದೇ ಆಗಿರಬೇಕೆಂಬ ದೋಷ ಬಂದಿತ್ತು. ಆ ಕ್ಷಣದಲ್ಲಿ ಕಾರಣ ಹುಡುಕದೆ ಆ ಪ್ರಯೋಗದ ಮಾತೃಕೆಗಳನ್ನೇ ಚೌಕ ಮಾತೃಕೆಗಳಾಗಿ ಬದಲಿಸಿ ಮುಂದೆ ಹೋಗಿದ್ದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದೇ. ಸುಳಿವು ತಾನಾಗಿ ಮನೆ ಬಾಗಿಲಿಗೆ ಬಂದಿತ್ತು, ನಾನೇ ಅಗುಳಿ ಹಾಕಿದೆ.

ಅಂದಿನ ತರಗತಿಯನ್ನು ಅಲ್ಲಿಗೇ ನಿಲ್ಲಿಸಿ, ನಾಲ್ಕು ಹಾಳೆಗಳನ್ನು ಹಿಂದಕ್ಕೆ ಪಡೆದೆ.

ಹಂತ 5, ಜೂನ್ 24ರಿಂದ 30: ಚುಕ್ಕಿ, ಎರಡು ಟೋಪಿ ಮತ್ತು ಆ 1

ಎಲ್ಲ ಕಡತಗಳಲ್ಲಿ ನಕ್ಷತ್ರ ಚಿಹ್ನೆ ಹುಡುಕಿದಾಗ 23 ಕಡೆ ಸಿಕ್ಕಿತು. ಅವುಗಳಲ್ಲಿ 14 ಕಡೆ ಸಂಖ್ಯೆಗೂ ಮಾತೃಕೆಗೂ ನಡುವಿನ ಗುಣಾಕಾರ, ಅಲ್ಲಿ ನಕ್ಷತ್ರವೇ ಸರಿ. ಉಳಿದ 9 ಮಾತ್ರ ಎರಡು ಮಾತೃಕೆಗಳ ನಡುವಿನವು. ಯಾವ ಹೆಸರು ಸಂಖ್ಯೆಯದು, ಯಾವುದು ಮಾತೃಕೆಯದು ಎಂದು ನನ್ನ ಕಾರ್ಯಕ್ರಮಕ್ಕೆ ತಿಳಿಯದ ಕಾರಣ ಇದನ್ನು ಕಣ್ಣಿನಿಂದಲೇ ನೋಡಿ ತಿದ್ದಬೇಕಾಯಿತು. ಚುಕ್ಕಿಯ ಎರಡೂ ಬದಿಗೆ ಜಾಗ ಬಿಡುವುದು ಒಳ್ಳೆಯದು. ಅಂಕಿಗಳ ನಡುವೆ ಅಂಟಿ ಕುಳಿತರೆ ಅದು ದಶಮಾಂಶ ಬಿಂದುವಾಗುತ್ತದೆ. ಘಾತದ ಟೋಪಿ ಚಿಹ್ನೆ 6 ಕಡೆ ಇತ್ತು, ಆರೂ ತಪ್ಪು. ಒಂದು ಟೋಪಿಯೆಂದರೆ ಪ್ರತಿ ಅಂಶದ ಘಾತ, ಎರಡು ಟೋಪಿಯೆಂದರೆ ಮಾತೃಕೆಯ ಘಾತ:

ಎ^2 ಕೊಟ್ಟರೆ [4,1],[25,9]
ಎ^^2 ಕೊಟ್ಟರೆ [9,5],[25,14]
ಎ^-1 ಕೊಟ್ಟರೆ [1/2,1],[1/5,1/3]
ಎ^^-1 ಕೊಟ್ಟರೆ [3,-1],[-5,2]

ಮೂರನೆಯದು ಎಷ್ಟು ಸೊಗಸಾಗಿ ಕಾಣುತ್ತದೆಂದರೆ, ಭಿನ್ನರಾಶಿಗಳಲ್ಲಿ ಬಂದ ನಿಜವಾದ ವಿಲೋಮವೆಂದೇ ಯಾರಾದರೂ ನಂಬಬಹುದು. ವಿಲೋಮಕ್ಕೆ ಈಗ ಎಲ್ಲೆಡೆ ಇನ್ವರ್ಟ್ ಎಂಬ ಆಜ್ಞೆಯನ್ನೇ ಬಳಸಿದ್ದೇನೆ. ಹೆಸರು ಬರೆದು ಹೇಳಿದಲ್ಲಿ ಒಂದು ಟೋಪಿ ಬಿಟ್ಟುಹೋಗುವ ಭಯವಿಲ್ಲ.

ಇಷ್ಟು ತಿದ್ದಿದ ಮೇಲೆಯೂ ಕೇಲಿ–ಹ್ಯಾಮಿಲ್ಟನ್ ಪ್ರಯೋಗ ಸರಿಹೋಗಲಿಲ್ಲ. ಮೇಲಿನ ಎ ಮಾತೃಕೆಯ ಲಕ್ಷಣ ಸಮೀಕರಣ ಎಕ್ಸ್² - 5ಎಕ್ಸ್ + 1 = 0. ಎಕ್ಸ್ ಇದ್ದ ಕಡೆ ಮಾತೃಕೆಯನ್ನೇ ಇಟ್ಟರೆ ಶೂನ್ಯ ಮಾತೃಕೆ ಬರಬೇಕು. ಕೇಲಿ 1858ರ ತನ್ನ ಪ್ರಬಂಧದಲ್ಲಿ 2×2 ಮಾತೃಕೆಗೆ ಇದನ್ನು ಬಿಡಿಸಿ ತೋರಿಸಿದ್ದಾನೆ. ನನ್ನ ಪರದೆಯ ಮೇಲೆ ಬಂದದ್ದು ಇದು:

ಎ^^2 - 5*ಎ + 1;
[0,1],[1,0]

ಟೋಪಿಗಳು ಎರಡಿದ್ದವು, 5ರ ಮುಂದಿನ ನಕ್ಷತ್ರ ಸರಿಯಿತ್ತು. ಅರ್ಧ ಗಂಟೆ ಆವರಣಗಳನ್ನೇ ಎಣಿಸುತ್ತ ಕುಳಿತೆ. ಕೊನೆಗೆ ಒಂದೊಂದೇ ಪದವನ್ನು ಬಿಡಿಯಾಗಿ ಓಡಿಸಿದಾಗ ಕಂಡದ್ದು: ಮೊದಲೆರಡು ಪದಗಳವರೆಗೆ [-1,0],[0,-1] ಎಂದು ಸರಿಯಾಗಿಯೇ ಬಂದಿತ್ತು. ಅದಕ್ಕೆ 1 ಕೂಡಿಸು ಎಂದಾಗ ಮ್ಯಾಕ್ಸಿಮಾ ನಾಲ್ಕೂ ಅಂಶಗಳಿಗೆ 1 ಕೂಡಿಸಿತ್ತು. ಕಪ್ಪು ಹಲಗೆಯ ಮೇಲೆ ಆ 1 ಎಂದರೆ ಅನನ್ಯತಾ ಮಾತೃಕೆಯೆಂದು (ಕರ್ಣದಲ್ಲಿ 1, ಉಳಿದೆಡೆ 0) ನಾವು ಬಾಯಿಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಯಂತ್ರಕ್ಕೆ ಅದನ್ನು ಬರೆದೇ ಕೊಡಬೇಕು:

ಎ^^2 - 5*ಎ + ಐಡೆಂಟ್(2);

ಈಗ ನಾಲ್ಕೂ ಸೊನ್ನೆ.

ಅಂದಿನಿಂದ ಪ್ರತಿ ಪ್ರಯೋಗದ ಕೊನೆಗೂ ಸೊನ್ನೆ ಬರಲೇಬೇಕಾದ ಒಂದು ಸಾಲನ್ನು ಸೇರಿಸಿದ್ದೇನೆ. ಗುಣಾಕಾರದ ಪ್ರಯೋಗದಲ್ಲಿ ಗುಣಲಬ್ಧದ ನಿರ್ಧಾರಕದಿಂದ ಎರಡು ನಿರ್ಧಾರಕಗಳ ಗುಣಲಬ್ಧವನ್ನು ಕಳೆಯುವುದು. ಇಲ್ಲಿ -5ರಿಂದ -5 ಕಳೆದು ಸೊನ್ನೆ. ನಕ್ಷತ್ರ ಹಾಕಿದ ತಪ್ಪು ಗುಣಲಬ್ಧದ ನಿರ್ಧಾರಕ -22 ಆಗಿತ್ತು, ಅಂದರೆ ಈ ಸಾಲು ಮೊದಲೇ ಇದ್ದಿದ್ದರೆ ತಪ್ಪು ಅಚ್ಚಿಗೆ ಹೋಗುವ ಮುನ್ನ ಸಿಕ್ಕಿಬೀಳುತ್ತಿತ್ತು. ವಿಲೋಮದ ಪ್ರಯೋಗದಲ್ಲಿ ಎ . ಇನ್ವರ್ಟ್(ಎ) - ಐಡೆಂಟ್(2). ಮಾತೃಕೆಯಲ್ಲಿ ಅಕ್ಷರಗಳಿದ್ದರೆ ಉತ್ತರ ಉದ್ದುದ್ದ ಭಿನ್ನರಾಶಿಗಳಲ್ಲಿ ಬರುತ್ತದೆ, ಅದನ್ನು ರ‍್ಯಾಟ್‌ಸಿಂಪ್‌ಗೆ ಕೊಟ್ಟು ಸಂಕ್ಷೇಪಿಸಿದ ಮೇಲೆಯೇ ಸೊನ್ನೆಗಳು ಕಾಣುತ್ತವೆ.

ಮರುಮುದ್ರಣ: 4 ಹಾಳೆ, 42 ಪ್ರತಿ, ₹168. ಮೊದಲ ಪ್ರತಿ ತೆಗೆದಾಗ ಜೆರಾಕ್ಸಿನಲ್ಲಿ ಗುಣಾಕಾರದ ಚುಕ್ಕಿ ಮಾಸಿ ಎ ಮತ್ತು ಬಿ ನಡುವೆ ಬರಿಯ ಜಾಗ ಉಳಿದಿತ್ತು. ಮೂಲ ಪ್ರತಿಯಲ್ಲಿ ಎಲ್ಲ ಚುಕ್ಕಿಗಳನ್ನೂ ದಪ್ಪ ಅಕ್ಷರಕ್ಕೆ ಬದಲಿಸಿ, ಎರಡು ಅಳತೆ ಹಿಗ್ಗಿಸಿ, ಮತ್ತೆ ತೆಗೆಸಿದೆ.

ಹಂತ 6, ಜುಲೈ 2: ನಕಲು ನಕಲಾಗಿರಲಿಲ್ಲ

ಎಂಟನೆಯ ಪ್ರಯೋಗದಲ್ಲಿ ಒಂದು ಅಂಶವನ್ನು ಬದಲಿಸಿ ನಿರ್ಧಾರಕ ಹೇಗೆ ಬದಲಾಗುತ್ತದೆಂದು ನೋಡಬೇಕು. ಸೈಲ್ಯಾಬ್‌ನಲ್ಲಿ ಅಂಶವನ್ನು ದುಂಡಾವರಣದಲ್ಲಿ ಹಿಡಿಯುತ್ತಾರೆ, ಮ್ಯಾಕ್ಸಿಮಾದಲ್ಲಿ ಚೌಕಾವರಣದಲ್ಲಿ, ಅದನ್ನು ತಿದ್ದಿಕೊಂಡಿದ್ದೆ. ಎಣಿಕೆ ಎರಡರಲ್ಲಿಯೂ 1ರಿಂದಲೇ ಆರಂಭ, ಸಿಂಪೈನಂತೆ 0ಯಿಂದ ಅಲ್ಲ.

ಸಿ : ಎ;
ಸಿ[1,1] : 7;

ಸಿ ಮಾತೃಕೆಯ ನಿರ್ಧಾರಕ 16 ಬಂದಿತು, ಸರಿ. ಎ ಮಾತೃಕೆಯದು 1 ಇರಬೇಕು, ಅದೂ 16 ಬಂದಿತು. ಹೀಗೆ ಹೆಸರು ಕೊಟ್ಟಾಗ ಮ್ಯಾಕ್ಸಿಮಾ ಹೊಸ ಮಾತೃಕೆ ಮಾಡುವುದಿಲ್ಲ, ಇದ್ದದ್ದಕ್ಕೇ ಎರಡನೆಯ ಹೆಸರು ಅಂಟಿಸುತ್ತದೆ. ನಿಜವಾದ ನಕಲಿಗೆ ಸಿ : ಕಾಪಿಮ್ಯಾಟ್ರಿಕ್ಸ್(ಎ) ಎಂದು ಕೊಡಬೇಕು. ಇದು ಮ್ಯಾಕ್ಸಿಮಾದ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ, ನಾನು ಓದಿರಲಿಲ್ಲ.

ಹಂತ 7, ಜುಲೈ 7: ಮತ್ತೆ ತರಗತಿ

ಎರಡನೆಯ ಸಲ ಪ್ರಯೋಗಾಲಯಕ್ಕೆ ಹೋದಾಗ ತಪ್ಪುಗಳು ಹಾಳೆಯಲ್ಲಿರಲಿಲ್ಲ, ಕೀಲಿಮಣೆಯ ಮೇಲಿದ್ದವು. ಮ್ಯಾಕ್ಸಿಮಾ ಬಳಸಲು ನಾವು ತೆರೆಯುವ ಕಿಟಕಿ-ಮೆನುಗಳ ತಂತ್ರಾಂಶ ಡಬ್ಲ್ಯುಎಕ್ಸ್‌ಮ್ಯಾಕ್ಸಿಮಾ, ತೆರೆಯುವ ಆವರಣ ಒತ್ತಿದೊಡನೆ ಮುಚ್ಚುವ ಆವರಣವನ್ನೂ ತಾನೇ ಹಾಕಿಕೊಡುತ್ತದೆ. ಹಾಳೆ ನೋಡಿ ಅಕ್ಷರಶಃ ಟೈಪ್ ಮಾಡುವ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನು ಗಮನಿಸದೆ ಸಾಲಿನ ಕೊನೆಗೆ ಹೋಗಿ ಇನ್ನೊಂದು ಆವರಣ ಸೇರಿಸಿದರು. ಐದಾರು ಯಂತ್ರಗಳಲ್ಲಿ ಇದೇ ದೋಷ. ಆಯ್ಕೆಗಳಿಗೆ ಹೋಗಿ ಆ ಸೌಲಭ್ಯವನ್ನು 18 ಯಂತ್ರಗಳಲ್ಲಿಯೂ ಆರಿಸಿಬಿಟ್ಟೆ. ಕಲಿಯುವ ಕೈ ಎರಡೂ ಆವರಣಗಳನ್ನು ತಾನೇ ಹಾಕುವುದು ಲೇಸೆಂದು ನನ್ನ ಅಭಿಪ್ರಾಯ.

ಹುಡುಗನೊಬ್ಬ ಎಂಟರ್‌ಮ್ಯಾಟ್ರಿಕ್ಸ್ ಎಂಬ ಆಜ್ಞೆಯನ್ನು ಎಲ್ಲಿಂದಲೋ ಹುಡುಕಿ ತಂದಿದ್ದ. ಆವರಣಗಳ ಗೊಡವೆಯೇ ಇಲ್ಲ: ಎಷ್ಟು ಅಡ್ಡಸಾಲು, ಎಷ್ಟು ಕಂಬಸಾಲು ಎಂದು ಕೊಟ್ಟರೆ, ಚೌಕ ಮಾತೃಕೆಯಾದರೆ ಕರ್ಣ, ಸಮಮಿತ, ಪ್ರತಿಸಮಮಿತ, ಸಾಮಾನ್ಯ ಎಂಬ ನಾಲ್ಕರಲ್ಲಿ ಯಾವುದೆಂದು ಕೇಳಿ, ಆಮೇಲೆ ಒಂದೊಂದೇ ಅಂಶವನ್ನು ಕೇಳುತ್ತದೆ. ಮ್ಯಾಕ್ಸಿಮಾದ ಪೂರ್ವಜ ಮ್ಯಾಕ್‌ಸಿಮಾ 1968ರಲ್ಲಿ ಎಂಐಟಿಯಲ್ಲಿ ಆರಂಭವಾದದ್ದು. ಈ ಒಂದೊಂದೇ ಪ್ರಶ್ನೆ ಕೇಳುವ ಕ್ರಮದಲ್ಲಿ ಆ ಕಾಲದ ವಾಸನೆಯಿದೆ. 4×4 ಸಮಮಿತ ಮಾತೃಕೆಗೆ 16ರ ಬದಲು 10 ಅಂಶ ಕೊಟ್ಟರೆ ಸಾಕು ಎಂಬುದು ಅನುಕೂಲವೇ. ಆದರೆ 3×4 ವಿಸ್ತೃತ ಮಾತೃಕೆಯ ಒಂಬತ್ತನೆಯ ಅಂಶದಲ್ಲಿ ಆ ಹುಡುಗ 5ರ ಬದಲು 6 ಒತ್ತಿದ, ಹಿಂದಕ್ಕೆ ಹೋಗುವ ದಾರಿಯಿರಲಿಲ್ಲ. ಮುಗಿಸಿ, ಚೌಕಾವರಣದಲ್ಲಿ ಸ್ಥಾನ ಹಿಡಿದು ಆ ಅಂಶವನ್ನು ಬದಲಿಸುವಂತೆ ಹೇಳಿಕೊಟ್ಟೆ. ಮೆನುವಿನಲ್ಲಿರುವ ಮಾತೃಕೆಯ ಕಿಟಕಿ ಇದಕ್ಕಿಂತ ಮೇಲು: ಚೌಕಗಳನ್ನು ತುಂಬಿದ ಮೇಲೆ ಅದು ಮ್ಯಾಟ್ರಿಕ್ಸ್ ಆಜ್ಞೆಯನ್ನೇ ಆವರಣ ಸಮೇತ ಹಾಳೆಯ ಮೇಲೆ ಬರೆದಿಡುತ್ತದೆ, ವಿದ್ಯಾರ್ಥಿ ಅದನ್ನು ಓದಬಹುದು, ತಿದ್ದಬಹುದು.

ಸಮಚಿಹ್ನೆಯ ತೊಂದರೆ ಏಳು ಮಂದಿಗೆ ಬಂದಿತು. ಎ = ಮ್ಯಾಟ್ರಿಕ್ಸ್([2,1],[5,3]) ಎಂದು ಕೊಟ್ಟರೆ ಮ್ಯಾಕ್ಸಿಮಾ ಅದನ್ನು ಸಮೀಕರಣವೆಂದು ತಿಳಿದು ಅಂದವಾಗಿ ತೋರಿಸುತ್ತದೆ, ಎ ಎಂಬ ಹೆಸರಿಗೆ ಮಾತ್ರ ಏನೂ ಸಿಗುವುದಿಲ್ಲ. ನಿರ್ಧಾರಕ ಕೇಳಿದರೆ ಪ್ರಶ್ನೆಯೇ ಉತ್ತರವಾಗಿ ಹಿಂದಿರುಗುತ್ತದೆ.

ಈಗಿನ ಸ್ಥಿತಿ, ಜುಲೈ 12

13 ಪ್ರಯೋಗಗಳು ಮುಗಿದಿವೆ. ಒಟ್ಟು ವೆಚ್ಚ ₹630, ನನ್ನ ಲೆಕ್ಕದಲ್ಲಿ ಸುಮಾರು 40 ಗಂಟೆ. ಸಿಲುಕಿಕೊಂಡಿರುವುದು ಹನ್ನೊಂದನೆಯದು, ಈ ಸಾಗಾಟಕ್ಕೆ ಕಾರಣವಾದ ಅಕ್ಷರಗಳ ಪ್ರಯೋಗವೇ:

ಡಿ : ಮ್ಯಾಟ್ರಿಕ್ಸ್([1,1,1,6],[1,2,3,10],[1,2,ಕೆ,ಎಂ]);

ದರ್ಜೆ ಕೇಳಿದರೆ ಮ್ಯಾಕ್ಸಿಮಾ 3 ಎಂದು ಹೇಳಿ ಸುಮ್ಮನಾಗುತ್ತದೆ; ಕೆ 3 ಆಗಿಯೂ ಎಂ 10 ಆಗಿಯೂ ಇದ್ದರೆ ದರ್ಜೆ 2ಕ್ಕೆ ಇಳಿಯುತ್ತದೆಂಬುದನ್ನು ತಾನಾಗಿ ಎತ್ತುವುದಿಲ್ಲ. ಎಶೆಲಾನ್ ಆಜ್ಞೆ ಕೆ-3ರಿಂದ ಭಾಗಿಸಿ ಆ ಪ್ರಸಂಗವನ್ನೇ ನುಂಗಿಬಿಡುತ್ತದೆ. ಭಾಗಿಸದೆ ಉಳಿಸುವ ಟ್ರಯಾಂಗ್ಯುಲರೈಸ್ ಕೊಟ್ಟರೆ ಕೊನೆಯ ಅಡ್ಡಸಾಲಿನಲ್ಲಿ ಕೆ-3 ಮತ್ತು ಎಂ-10 ಕಣ್ಣಿಗೆ ಬೀಳುತ್ತವೆ, ಅಲ್ಲಿಂದ ಮುಂದಿನದನ್ನು ವಿದ್ಯಾರ್ಥಿ ಪೆನ್ಸಿಲಿನಲ್ಲಿ ಬರೆಯಬಹುದು. ಆ ಹಾಳೆಯನ್ನು ಇನ್ನೂ ಜೆರಾಕ್ಸ್‌ಗೆ ಕೊಟ್ಟಿಲ್ಲ. ಮೊದಲು ಹಿಂದಿನ ಬೆಂಚಿನ ಆ ಹುಡುಗಿಗೆ ಕೊಟ್ಟು ಕೈಯಲ್ಲಿ ಮಾಡಿಸಿ ನೋಡುವವನಿದ್ದೇನೆ.